ತಕ್ಕಡಿ ಸಾಹೇಬರ ಕಲ್ಲುಬಾನಿ

"ಹಾರ್ಟು ಮೂವತ್ತು ಪರ್ಸೆಂಟ್ ಕೆಲಸ ಮಾಡ್ತಿದೆ. ಎಷ್ಟು ದಿನ ಅಂತ ಹೇಳೋಕಾಗಲ್ಲ" ಎಂದು ಡಾಕ್ಟರು ಚೀಟಿಯಿಂದ ತಲೆ ಎತ್ತದೆ ಹೇಳಿದಾಗ ತಕ್ಕಡಿ ಸಾಹೇಬರಿಗೆ ಘೋರ ಅವಮಾನವಾಯಿತು. ಸಾಯಬೇಕಲ್ಲ ಎಂದಲ್ಲ, ಅಳತೆಯಿಲ್ಲದೆ ಮಾತಾಡಿದರಲ್ಲ ಎಂದು. ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಅಂಗಡಿ ಅಂಗಡಿಯ ತೂಕದ ಬಟ್ಟು ಪರೀಕ್ಷಿಸಿದ ಮನುಷ್ಯ ಅವರು. (ಸಾಹೇಬರೆಂಬ ಬಿರುದು ಬೀದಿಯವರು ಕೊಟ್ಟದ್ದು, ಪ್ರೀತಿಯಿಂದ ಕೊಟ್ಟರೆಂದು ಅವರೊಬ್ಬರೇ ನಂಬಿದ್ದರು.) ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ತಾವೇ ಅಳೆದು ಸುರಿದು ಆರು ತಿಂಗಳು ಎಂದು ತೀರ್ಮಾನಿಸಿಬಿಟ್ಟರು.

ಅಷ್ಟರೊಳಗೆ ಹೆಂಡತಿಗೆ ನೆನಪಿಗೆಂದು ಏನಾದರೂ ಬಿಟ್ಟುಹೋಗಬೇಕು. ಕಣ್ಣಿಗೆ ಬಿದ್ದದ್ದು ಅಡುಗೆಮನೆ ಕಿಟಕಿಯಾಚೆಗಿನ ಕಲ್ಲುಬಾನಿ. ಹಿಂದೆಂದೋ ಕುದುರೆಗಳು ನೀರು ಕುಡಿಯುತ್ತಿದ್ದ ಆಳುದ್ದದ ತೊಟ್ಟಿ; ಈಗ ಒಡೆದ ಬಕೆಟ್ಟುಗಳ ವೃದ್ಧಾಶ್ರಮ. ಅದರಲ್ಲಿ ಗಿಡ ನೆಡುವುದೆಂದು ನಿಶ್ಚಯಿಸಿದರು.

ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು. ಯಾರ ಮಾತನ್ನಾದರೂ ನಡುವೆ ಕತ್ತರಿಸುವುದು ಕೈಗಂಟಿದ ಅಭ್ಯಾಸ. "ನಾನು ಹೋದಮೇಲೆ ನೀನು ಕಿಟಕಿಯಿಂದ..." ಎಂದು ಸಾಹೇಬರು ಪೀಠಿಕೆ ಹಾಕುವಷ್ಟರಲ್ಲಿ, "ಹೋಗೋರು ಆ ಬಕೆಟ್ಟುಗಳನ್ನ ಎತ್ತಿಟ್ಟು ಹೋಗಿ" ಎಂದು ಲೈನ್ ಕಟ್ ಮಾಡಿದರು.

ಕಲ್ಲುಕುಟಿಗ ಬಂದು ಬಾನಿಯ ಬುಡಕ್ಕೆ ಎರಡು ತೂತು ಕೊರೆದುಕೊಟ್ಟ. ಸಾಹೇಬರು ತಳಕ್ಕೆ ಹೆಂಚಿನ ಚೂರು ಹಾಸಿ, ನಾಲ್ಕು ಬೆರಳು ಜಲ್ಲಿ ಹರಡಿ, ಅದರ ಮೇಲೆ ಮಣ್ಣು ಮರಳು ಸಮಸಮ ತುಂಬಿಸಿದರು. ಸಮಸಮ ಎಂದರೆ ತಕ್ಕಡಿಯಲ್ಲಿ ತೂಗಿ ಸಮಸಮ. ಎರಡು ಬೊಗಸೆ ಹಾಕುವುದು, ಏದುಸಿರು ಬಿಡುತ್ತ ಬಾನಿಯ ಅಂಚು ಹಿಡಿದು ನಿಲ್ಲುವುದು. ಹೆಂಡತಿ ಕಿಟಕಿಯಿಂದ ನೋಡಿದರು. ಆಮೇಲೆ ಕುರ್ಚಿ ತಂದು ಪಕ್ಕಕ್ಕೆ ಕುಕ್ಕಿದರು. ಕೂರಲಿಕ್ಕಲ್ಲವಂತೆ, ಕುರ್ಚಿಗೆ ಬಿಸಿಲು ಕಾಣಿಸಲಿಕ್ಕಂತೆ.

ಹೆಂಡತಿಯ ಕೈಯಲ್ಲಿ ಗಿಡ ಉಳಿಯುವುದಿಲ್ಲ ಎಂಬುದು ಸಾಹೇಬರ ಬಹುಕಾಲದ ಅಭಿಪ್ರಾಯ. ಅದಕ್ಕೇ ನರ್ಸರಿಯಲ್ಲಿ ಹುಡುಕಿ ಹುಡುಕಿ, ಯಾರೂ ತಿರುಗಿ ನೋಡದಿದ್ದರೂ ಬಂಡೆಯ ಸಂದಿಯಲ್ಲಿ ಬದುಕಿಕೊಳ್ಳುವ ದಪ್ಪ ಎಲೆಯ ಹದಿನೆಂಟು ಗಿಡ ತಂದು ನೆಟ್ಟರು. ಹದಿನೈದು ದಿನಕ್ಕೊಂದು ಲೋಟ ನೀರು ಸಾಕೆಂದು ನರ್ಸರಿಯವನು ಹೇಳಿದ್ದ. ಸಾಹೇಬರು ಹೆಂಡತಿಯನ್ನು ಕರೆದು, ಇವಕ್ಕೆ ನಿನ್ನ ನೀರೂ ಬೇಡ, ಆರೈಕೆಯೂ ಬೇಡ, ನಾನಿಲ್ಲದಿದ್ದರೂ ಇವು ಇರುತ್ತವೆ ಎಂದು ಹಸ್ತಾಂತರ ಸಮಾರಂಭ ಮುಗಿಸಿದರು. ಹೆಂಡತಿ ಒಳಗೆ ಹೋದರು. ಅವತ್ತಿನ ಅಡುಗೆಗೆ ಉಪ್ಪು ಬಿದ್ದಿರಲಿಲ್ಲ.

ಎರಡನೇ ತಿಂಗಳಲ್ಲಿ ಒಂದು ಗಿಡ ಕೊಳೆತು ಮಗುಚಿತು. ನಾಲ್ಕನೇ ತಿಂಗಳಿಗೆ ಹನ್ನೊಂದು ಹೋಗಿದ್ದವು. ಒಂದೊಂದೂ ತಮ್ಮ ಹೆಸರಿಗೇ ಬಂದ ನೋಟೀಸಿನಂತೆ ಕಂಡು ಸಾಹೇಬರು ಹಿತ್ತಲಿಗೆ ಕಾಲಿಡುವುದನ್ನೇ ಬಿಟ್ಟರು. ಊಟ ಸೇರಲಿಲ್ಲ. ಹೆಂಡತಿಯೂ ಕಡ್ಡಿಯಂತಾದರು.

ಆರನೇ ತಿಂಗಳ ಕೊನೆಯ ದಿನ ಸಾಹೇಬರು ನುಣ್ಣಗೆ ಕ್ಷೌರ ಮಾಡಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ಮಲಗಿ ಕಾದರು. ಮಧ್ಯಾಹ್ನವಾದರೂ ಏನೂ ಆಗಲಿಲ್ಲ. ನಿದ್ದೆಯೂ ಬರದೆ ಎದ್ದು ಹಿತ್ತಲ ಬಾಗಿಲಿಗೆ ಬಂದರೆ, ಹೆಂಡತಿ ಬಾನಿಗೆ ಕೊಡದಿಂದ ನೀರು ಸುರಿಯುತ್ತಿದ್ದರು. ಒಳಗೆ ಬರೀ ಕೆಸರು. ತೂತುಗಳಿಗೆ ಹಳೇ ಬಟ್ಟೆ ತುರುಕಿತ್ತು.

"ಏನ್ಮಾಡ್ತಿದ್ದೀಯ?"

"ನೀವು ಮಲಗಿದಾಗ ದಿನಾ ಹಾಕ್ತೀನಿ. ಸೋರಿ ಹೋಗ್ತಿತ್ತು, ಬಟ್ಟೆ ತುರುಕಿದೆ."

"ನೀರೇ ಬೇಡ ಅಂದಿದ್ದೆನಲ್ಲ ಮಾರಾಯ್ತಿ."

ಹೆಂಡತಿ ಕೊಡ ಕೆಳಗಿಟ್ಟರು. "ಇವು ಇರೋ ತನಕ ನೀವೂ ಇರ್ತೀರಿ ಅಂದ್ಕೊಂಡೆ. ಒಂದು ಸತ್ತಾಗ ಒಂದು ಕೊಡ ಜಾಸ್ತಿ ಹಾಕಿದೆ. ಇನ್ನೊಂದು ಸತ್ತಾಗ ಇನ್ನೊಂದು."

ಸಾಹೇಬರು ಬಾನಿಯ ಅಂಚಿನ ಮೇಲೆ ಕುಸಿದು ಕೂತರು. ಅಳು ಬಂದದ್ದು ಅವರಿಗೆ. ಮೂಗು ಒರೆಸಿಕೊಂಡದ್ದು ಹೆಂಡತಿ. ಇಸ್ತ್ರಿಯ ಪ್ಯಾಂಟು ಹಿಂದುಗಡೆ ಪೂರ್ತಿ ಕೆಸರಾಯಿತು.

ಮರುದಿನ ಹೆಂಡತಿ ತಾವೇ ನರ್ಸರಿಗೆ ಹೋಗಿ, ಇಡೀ ಅಂಗಡಿಯಲ್ಲೇ ಅತಿ ಬಾಯಾರಿಕೆಯ ಇಪ್ಪತ್ತು ಗಿಡ ಆರಿಸಿ ತಂದರು. ಬೆಳಿಗ್ಗೆ ಹತ್ತು ಚೊಂಬು, ಸಂಜೆ ಹತ್ತು ಚೊಂಬು. ಒಂದು ಹೊತ್ತು ತಪ್ಪಿದರೂ ಬಾಡುವ ಜಾತಿ. ಈ ಕೆಲಸ ನಿಮ್ಮದು, ನನಗೆ ಪುರುಸೊತ್ತಿಲ್ಲ ಎಂದು ಹೇಳಿ ಚೊಂಬು ಕೈಗಿತ್ತರು.

ಅದಾಗಿ ಎರಡು ವರ್ಷ. ಸಾಹೇಬರು ಒಂದು ದಿನದ ಮಟ್ಟಿಗೂ ಎಲ್ಲಿಗೂ ಹೋಗುವಂತಿಲ್ಲ. ಮೊನ್ನೆ ಜ್ವರ ಬಂದು ಮಲಗಿದಾಗ, ಇವತ್ತೊಂದು ದಿನ ನೀನೇ ಹಾಕೆಂದು ಗೋಗರೆದರು. ಹೆಂಡತಿ ಹೊದಿಕೆ ಎಳೆದು, ಅದನ್ನೇ ಅವರ ಹೆಗಲಿಗೆ ಸುತ್ತಿ, ರಟ್ಟೆ ಹಿಡಿದು ಹಿತ್ತಲಿಗೆ ನಡೆಸಿದರು.

"ಏಳು," ಎಂದು ಎಣಿಸುತ್ತ ಪಕ್ಕದಲ್ಲೇ ನಿಂತರು. "ಇನ್ನೂ ಮೂರು ಇದೆ. ನಿಧಾನಕ್ಕೆ ಹಾಕಿ."