ಹಿತ್ತಿಲಿಗೆ ಹೋಗುವ ಬಸ್ಸು

"ಬೇರೆ ಗತಿಯಿಲ್ಲದೆ ಆ ಮನೇಲಿ ಬಿದ್ದಿದಾರೆ" ಎಂದು ನಮ್ಮ ಬೀದಿಯವರು ನಮ್ಮ ಬಗ್ಗೆ ಹೇಳುತ್ತಿದ್ದರು. ಪಕ್ಕದ ಅಂಗಡಿಯ ದರ್ಜಿಯಂತೂ ಅಳತೆ ತೆಗೆಯುವಾಗಲೆಲ್ಲ, "ಪಾಪ, ಮಳೆ ಬಂದ್ರೆ ಗಂಡ ಹೆಂಡ್ತಿ ಕೊಡೆ ಹಿಡ್ಕೊಂಡೇ ಊಟ ಮಾಡ್ತಾರಂತೆ" ಎಂದು ಸೇರಿಸುತ್ತಿದ್ದ. ಈ ಸುದ್ದಿಯ ಮೂಲ ಹುಡುಕಿಕೊಂಡು ಹೊರಟಿದ್ದರೆ ನೀವು ನೆಟ್ಟಗೆ ನಮ್ಮ ಅಡುಗೆಮನೆಗೇ ಬಂದು ಮುಟ್ಟುತ್ತಿದ್ದಿರಿ. ಹಬ್ಬಿಸಿದವಳು ನನ್ನ ಹೆಂಡತಿ.

ಕಾರಣವಿತ್ತು. ಮನೆ ಬಾಡಿಗೆಯದು. ದೂರದ ಊರಿನಲ್ಲಿದ್ದ ಯಜಮಾನರು ಹದಿನಾಲ್ಕು ವರ್ಷದಿಂದ ಈ ಕಡೆ ತಲೆ ಹಾಕಿರಲಿಲ್ಲ. ಆದರೆ ಪ್ರತಿ ತಿಂಗಳ ಮೊದಲ ದಿನ ಫೋನು ಮಾಡಿ, "ಅಲ್ಲೇ ಬಂದು ಇದ್ದುಬಿಡೋಣ ಅಂತ ಆಸೆ ಕಣಮ್ಮ, ಮನೆ ಹೇಗಿದೆ?" ಎಂದು ತಪ್ಪದೆ ಕೇಳುತ್ತಿದ್ದರು.

"ಏನು ಹೇಳ್ಲಿ ಯಜಮಾನ್ರೇ! ಸೂರು ಸೋರುತ್ತೆ, ಬಾಗಿಲಿಗೆ ಗೆದ್ದಲು, ಸಂಜೆಯಾದ್ರೆ ಸೊಳ್ಳೆ ನಮ್ಮನ್ನೇ ಎತ್ಕೊಂಡು ಹೋಗುತ್ತೆ. ನಾವು ಹೇಗೋ ಕಾಲ ಹಾಕ್ತಿದೀವಿ, ನಿಮ್ಮಂಥೋರ ಕೈಲಿ ಆಗಲ್ಲ" ಎಂದು ಇವಳು ಮೂಗೆಳೆಯುತ್ತಿದ್ದಳು. ಅವರು ನಿಟ್ಟುಸಿರು ಬಿಟ್ಟು ಫೋನಿಡುತ್ತಿದ್ದರು. ಇನ್ನೊಂದು ತಿಂಗಳು ನಾವು ಬಚಾವು. ಅವರು ಬೀದಿಯವರನ್ನು ವಿಚಾರಿಸಿದರೂ ಇದೇ ಉತ್ತರ ಸಿಗಲೆಂದು ಬೀದಿಗೂ ಇದನ್ನೇ ಹಂಚಿದ್ದಳು.

ನಿಜ ಹೇಳಬೇಕೆಂದರೆ ಸೂರನ್ನು ಅವಳೇ ಏಣಿ ಹತ್ತಿ ಎಂದೋ ಸರಿಮಾಡಿದ್ದಳು. ಗೆದ್ದಲು ಇವಳಿಗೆ ಹೆದರಿ ಓಡಿಹೋಗಿ ಯುಗವಾಗಿತ್ತು. ಕಸದ ಗುಡ್ಡೆಯಾಗಿದ್ದ ಹಿತ್ತಿಲನ್ನು ಹಸನು ಮಾಡಿ, ಒಡೆದ ಹಂಚಿನ ಚೂರು ಜೋಡಿಸಿ ಸುರುಳಿಯಾಗಿ ಒಂದು ದಾರಿ ಮಾಡಿದ್ದಳು. ಅದರ ಎರಡೂ ಬದಿಗೆ ತೂತು ಬಕೆಟ್ಟು, ಹಳೆಯ ಸಿಂಕು, ಕಿವಿ ಮುರಿದ ಬಾಣಲೆ, ಎಲ್ಲದರಲ್ಲೂ ಹೂವು. ದಾರಿ ಸುತ್ತಿ ಸುತ್ತಿ ಸೀಬೆ ಮರದ ಬುಡದ ಬೆಂಚಿಗೆ ಬಂದು ನಿಲ್ಲುತ್ತಿತ್ತು. ಫೋನಿನ ಆ ಗೋಳೇ ಹಿತ್ತಿಲಿಗೆ ಅವಳು ಹಾಕಿದ್ದ ಬೇಲಿ.

ಅದನ್ನು ಕಿತ್ತ ಮಹಾಶಯ ನಾನು.

ನಾನು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವವನು. ಇಪ್ಪತ್ತೆರಡು ವರ್ಷದಿಂದ ಕೇಳಿದ್ದಕ್ಕೆ ಉತ್ತರ ಕೊಡುವುದೇ ಕಸುಬು. ಯಾರಾದರೂ ಪ್ರಶ್ನೆ ಕೇಳಿ ಉತ್ತರ ಸಿಗದೆ ಹೋದರೆ ನನಗೆ ಆ ದಿನ ಊಟ ಸೇರುವುದಿಲ್ಲ. (ಮನೆಯಲ್ಲಿ ಆ ತೊಂದರೆಯಿಲ್ಲ. ಅಲ್ಲಿ ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ.)

ನಿಲ್ದಾಣದ ಎದುರು ಪಾಸ್‌ಪೋರ್ಟ್ ಫೋಟೋ ತೆಗೆಯುವ ಗೆಳೆಯನಿದ್ದಾನೆ. ಎಲ್ಲರೂ ಅವನನ್ನು ಸ್ಟುಡಿಯೋ ಎಂದೇ ಕರೆಯುತ್ತಾರೆ. ಒಂದು ಮಧ್ಯಾಹ್ನ ಅವನು ನಗರಸಭೆಯ ಉದ್ಯಾನ ವಿನ್ಯಾಸ ಸ್ಪರ್ಧೆಯ ಕರಪತ್ರ ಹಿಡಿದು ಮನೆಗೆ ಬಂದ.

"ಲೋ, ನಿಮ್ಮ ಹಿತ್ತಿಲನ್ನ ಸ್ಪರ್ಧೆಗೆ ಬಿಡೋಣ. ಸ್ಪರ್ಧೆಗೆ ಬಿಟ್ಟ ಕಥೇನ ಬ್ಲಾಗ್ ಮಾಡೋಣ. ನೀನು ಬರಿ, ನಾನು ಫೋಟೋ ಹಾಕ್ತೀನಿ. ಜನ ಮುಗಿಬಿದ್ದು ಓದ್ತಾರೆ!"

"ಓದೋರಲ್ಲಿ ಯಜಮಾನ್ರೂ ಇದ್ರೆ?" ಎಂದಳು ಇವಳು.

"ಬ್ಲಾಗಲ್ಲಿ ಹೆಸರು ಹಾಕಲ್ಲ ಅತ್ತಿಗೆ. ಯಾರದು ಅಂತ ಯಾರಿಗೂ ಗೊತ್ತಾಗಲ್ಲ."

"ಯಾರಿಗೂ ಗೊತ್ತಾಗದ ಮೇಲೆ ಯಾಕೆ ಬರೀತೀರ?"

ಸ್ಟುಡಿಯೋ ಕರಪತ್ರವನ್ನು ಮಡಿಸಿ ಜೇಬಿಗಿಟ್ಟ. ಆದರೆ ಆ ಸುರುಳಿ ದಾರಿಯನ್ನು ತಿಳಿದವರು ಯಾರಾದರೂ ಒಮ್ಮೆ ನೋಡಲಿ ಎಂಬ ಆಸೆ ಅವಳಿಗೂ ಒಳಗೊಳಗೇ ಇತ್ತು. ಅರ್ಜಿಗೆ ಸಹಿ ಹಾಕಿ, ನನ್ನ ಕಡೆ ಬೆರಳು ತೋರಿಸಿದಳು: "ಬ್ಲಾಗಲ್ಲಿ ಊರು ಬೇಡ, ಬೀದಿ ಬೇಡ. ಅವರ ಕಿವಿಗೆ ಬಿತ್ತೋ, ಹಿತ್ತಿಲೂ ಹೋಯ್ತು, ಮನೇನೂ ಹೋಯ್ತು. ತಿಳೀತಾ?"

"ತಿಳೀತು" ಎಂದೆ. ತಿಳಿದೂ ಇತ್ತು.

ಬ್ಲಾಗು ಶುರುವಾಯಿತು. ಸ್ಟುಡಿಯೋ ಹೂವಿನ ಮುಂದೆ ಮಂಡಿಯೂರಿ, "ನೇರ ನೋಡು, ಅಲ್ಲಾಡಬೇಡ" ಎಂದು ಕ್ಲಿಕ್ಕಿಸುತ್ತಿದ್ದ. ಮೊದಲ ತಿಂಗಳು ಮೂವರು ಓದುಗರು, ಅದರಲ್ಲಿ ಇಬ್ಬರು ನಾವೇ. ಮೂರನೆಯವರು ಯಾರೋ 'ಮರಕೋತಿ' ಎಂಬ ಹೆಸರಿನವರು. ಎಂಥ ರಸಿಕರು ಅಂತೀರಿ! ಬರೆದ ಪ್ರತಿ ಸಾಲಿನ ಕೆಳಗೂ ಮೆಚ್ಚುಗೆ, ಜೊತೆಗೆ ಒಂದು ಪ್ರಶ್ನೆ.

'ಹಳೆಯ ಮನೆಯಂತೆ ಕಾಣುತ್ತದೆ. ಮಳೆಗೆ ಸೋರುವುದಿಲ್ಲವೇ?'

ಪ್ರಶ್ನೆ! ನನ್ನ ಬೆರಳು ತಾನೇ ಓಡಿತು: 'ಒಂದು ಹನಿಯೂ ಇಲ್ಲ.'

'ಸೊಳ್ಳೆ?' 'ಹುಡುಕಿದರೂ ಸಿಗದು.' 'ಗೆದ್ದಲು?' 'ಆ ಪದವನ್ನೇ ಮರೆತಿದ್ದೇವೆ.'

ಮುಂದಿನ ತಿಂಗಳ ಮೊದಲ ದಿನ ಫೋನು ಬಂತು. ಇವಳು ಎಂದಿನಂತೆ ಸೂರು, ಗೆದ್ದಲು, ಸೊಳ್ಳೆ ಮೂರನ್ನೂ ಒಪ್ಪಿಸಿದಳು. ಯಜಮಾನರು ನಿಟ್ಟುಸಿರು ಬಿಡಲಿಲ್ಲ. "ಹೂಂ" ಎಂದು ಇಟ್ಟರು.

"ಆ ಹೂಂ ಸರಿಯಿಲ್ಲ ರೀ. ಬ್ಲಾಗಲ್ಲಿ ಏನಾದ್ರೂ ಬರೆದ್ರಾ?"

"ಬರೀ ಗಿಡದ ವಿಷಯ ಕಣೇ." (ಸುಳ್ಳಲ್ಲ. ಉತ್ತರಗಳನ್ನು ನಾನು ಬರವಣಿಗೆಯ ಲೆಕ್ಕಕ್ಕೆ ಹಿಡಿದಿರಲಿಲ್ಲ.)

ಅವಳ ಮುಖ ತಿಳಿಯಾಗಲಿಲ್ಲ. ಆ ವಾರವೆಲ್ಲ ಗೇಟು ಕಿರ್ರೆಂದರೂ ಕೈಯಲ್ಲಿದ್ದ ಪಾತ್ರೆ ಹಾಗೇ ನಿಲ್ಲುತ್ತಿತ್ತು. ಗುರುವಾರ ನಗರಸಭೆಯ ಕಾಗದ ಬಂತು: ನಮ್ಮ ಹಿತ್ತಿಲು ಕೊನೆಯ ಸುತ್ತಿಗೆ ಆಯ್ಕೆ! ಮುಂದಿನ ತಿಂಗಳ ಎರಡನೆಯ ಭಾನುವಾರ ತೀರ್ಪುಗಾರರೇ ಬಂದು ನೋಡುತ್ತಾರೆ. ಅವಳು ಕಾಗದವನ್ನು ನಾಲ್ಕು ಸಲ ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿದಳು. ನಾನು ಕೌಂಟರಿನಲ್ಲಿ ಕೂತು ಆ ಸುದ್ದಿಯನ್ನು ಬ್ಲಾಗಿಗೆ ಏರಿಸಿದೆ. ಅರೆಗಳಿಗೆಯಲ್ಲಿ ಮರಕೋತಿ ಹಾಜರ್: 'ಅಭಿನಂದನೆ! ಒಮ್ಮೆ ಕಣ್ಣಾರೆ ನೋಡಬೇಕು. ಯಾವ ಬಸ್ಸು?'

ಯಾವ ಬಸ್ಸು! ಇಪ್ಪತ್ತೆರಡು ವರ್ಷದ ಸೇವೆ ನನ್ನೊಳಗೆ ಎದ್ದು ಕೂತಿತು. ಬಸ್ಸಿನ ಸಂಖ್ಯೆ, ಪ್ಲಾಟ್‌ಫಾರಂ, ಹೊರಡುವ ಹೊತ್ತು, ಎಲ್ಲಿ ಇಳಿಯಬೇಕು, ಎಡಕ್ಕೆ ಎಷ್ಟು ಹೆಜ್ಜೆ, ದರ್ಜಿ ಅಂಗಡಿ, ಹಸಿರು ಗೇಟು. ಒಂದೂ ಬಿಡದೆ ಕೊಟ್ಟೆ. ಸಂಜೆ ಹೆಮ್ಮೆಯಿಂದ ಇವಳಿಗೂ ತೋರಿಸಿದೆ.

ಓದುತ್ತಾ ಓದುತ್ತಾ ಅವಳು 'ಮರಕೋತಿ' ಎಂಬ ಹೆಸರಿನ ಮೇಲೆ ಬೆರಳಿಟ್ಟಳು.

"ರೀ... ಯಜಮಾನ್ರು ಚಿಕ್ಕಂದಿನಲ್ಲಿ ಈ ಸೀಬೆ ಮರ ಬಿಟ್ಟು ಇಳೀತಿರಲಿಲ್ಲವಂತೆ. ಅವರಮ್ಮ ಅವರನ್ನ ಏನಂತ ಕರೀತಿದ್ರು ಗೊತ್ತಾ?"

ಗೊತ್ತಿರಲಿಲ್ಲ. ಆಗ ಗೊತ್ತಾಯಿತು.

ಅಷ್ಟರಲ್ಲಿ ಮರಕೋತಿಯ ಮರುಉತ್ತರ ಬಂದಿತ್ತು: 'ಶನಿವಾರ ಒಂಬತ್ತು ನಲವತ್ತರ ಬಸ್ಸಿಗೆ ಬರುತ್ತೇನೆ.' ಶನಿವಾರ ಬಂತು. ಇಬ್ಬರೂ ಕಿಟಕಿಯ ಸರಳು ಹಿಡಿದು ನಿಂತೆವು. "ಆ ಬಸ್ಸು ಯಾವತ್ತೂ ಅರ್ಧ ಗಂಟೆ ತಡ ಕಣೇ" ಎಂದು ಧೈರ್ಯ ಹೇಳಿದೆ. ಅಂದು ಮಾತ್ರ ಐದು ನಿಮಿಷ ಮೊದಲೇ ಬಂತು.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೂರು ನೋಡಿದರು, ಬಾಗಿಲು ತಟ್ಟಿದರು, ಸುರುಳಿ ದಾರಿಯಲ್ಲಿ ನಡೆದು ಸೀಬೆ ಮರವನ್ನು ತಬ್ಬಿಕೊಂಡರು. ಆಮೇಲೆ ನನ್ನ ಕೈ ಹಿಡಿದು, "ಸಾರ್, ಫೋಟೋದಲ್ಲಿ ಈ ಮರ ನೋಡಿದಾಗಲೇ ಅನುಮಾನ ಬಂದಿತ್ತು. ನೀವು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ತಿಂಗಳು ತುಂಬಿದ ಮೇಲೊಂದು ವಾರ ತಗೊಳ್ಳಿ. ನಾನು ಬಂದುಬಿಡ್ತೀನಿ" ಎಂದರು.

ಅಂದಿನಿಂದ ಮನೆ ಬಿಡುವ ದಿನದವರೆಗೆ ನನ್ನ ಹೆಂಡತಿ ನನಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆ ದಿನ ಎರಡನೆಯ ಭಾನುವಾರವೇ ಆಯಿತು. ಮೂರನೆಯ ಮಹಡಿಯ ಹೊಸ ಮನೆಗೆ ಸಾಮಾನು ಹೊತ್ತ ಲಾರಿಯಲ್ಲಿ, ಹೂವಿನ ಬಾಣಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹೊರಟುಹೋದಳು. ತೀರ್ಪುಗಾರರು ಬರುವುದನ್ನು ನೋಡುವ ಮನಸ್ಸು ಅವಳಿಗಿರಲಿಲ್ಲ. ಬೀಗದ ಕೈ ಕೊಟ್ಟು ಬರಲು ನಾನು ಮತ್ತೆ ಒಳಗೆ ಹೋದೆ. ಹಿತ್ತಿಲಿನಲ್ಲಿ ಯಜಮಾನರು, ಕ್ಯಾಮೆರಾ ಹಿಡಿದ ಸ್ಟುಡಿಯೋ, ಕನ್ನಡಕದ ಒಬ್ಬ ತೀರ್ಪುಗಾರ್ತಿ. ಆಕೆ ಸುರುಳಿ ದಾರಿಯ ನಡುವೆ ಬೆರಗಾಗಿ ನಿಂತಿದ್ದರು.

"ಇದರ ವಿನ್ಯಾಸ ಯಾರದು?"

"ನನ್ನ ಹೆಂಡ್ತೀದು ಮೇಡಂ" ಎಂದೆ. "ಒಂದೊಂದು ಹಂಚಿನ ಚೂರೂ ಅವಳೇ ಜೋಡಿಸಿದ್ದು."

"ಅದ್ಭುತ. ಅವರು ಇಲ್ಲೇ ವಾಸ ಇದ್ದಾರಲ್ಲ?"

ಇದ್ದಾಳೆ ಎಂದರೆ ಸಾಕಿತ್ತು. ಆದರೆ ಕೌಂಟರಿನ ನಾಲಿಗೆ. "ಇಲ್ಲ ಮೇಡಂ, ಹತ್ತೂ ಹತ್ತಕ್ಕೆ ಲಾರಿಯಲ್ಲಿ ಖಾಲಿ ಮಾಡ್ಕೊಂಡು ಹೋದ್ಲು."

ಆಕೆ ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿದರು. ಮನೆಯಲ್ಲಿ ವಾಸವಿರುವವರ ಹೆಸರಿಗೆ ಮಾತ್ರ ಬಹುಮಾನವಂತೆ. ಹೊಸ ಹೆಸರು ಬರೆದುಕೊಳ್ಳುವಾಗ ಯಜಮಾನರು ಸಂಕೋಚದಿಂದ ಕಾಲರ್ ಸರಿಮಾಡಿಕೊಂಡರು.

"ತಪ್ಪು ತಿಳ್ಕೋಬೇಡ್ವೋ, ಬ್ಲಾಗಿಗೆ ಕೊನೇ ಫೋಟೋ ಬೇಕಲ್ಲ" ಎಂದು ಸ್ಟುಡಿಯೋ ಕ್ಯಾಮೆರಾ ಎತ್ತಿದ. "ಸ್ವಲ್ಪ ಸರಿ. ನೀನು ಅಡ್ಡ ಬರ್ತಿದೀಯ."

ಸರಿದೆ.

"ಇನ್ನೂ ಸ್ವಲ್ಪ. ಹಿಂದೆ, ಹಿಂದೆ. ಚಪ್ಪಲಿ ಕಾಣ್ತಿದೆ."

ಹಿಂದೆ ಹೋದೆ. ಹಿತ್ತಿಲ ಬಾಗಿಲು ಬೆನ್ನಿಗೆ ತಾಗಿತು, ತೆರೆದುಕೊಂಡಿತು. ಇನ್ನೆರಡು ಹೆಜ್ಜೆ ಇಟ್ಟು ಓಣಿಯಲ್ಲಿ ನಿಂತೆ.

"ಹಾಂ, ಈಗ ನೋಡು" ಎಂದ ಒಳಗಿನಿಂದ ನನ್ನ ಗೆಳೆಯ, "ಚೆನ್ನಾಗಿ ಬಂತು."