ಮಾವನ ಸ್ಲೈಡ್ ರೂಲು

ನಮ್ಮ ಸೋದರಮಾವನನ್ನು ಎರಡು ಮೂರಲೆ ಎಷ್ಟು ಎಂದು ಕೇಳಿ ನೋಡಿ. "ಹೆಚ್ಚುಕಮ್ಮಿ ಆರು" ಎನ್ನುತ್ತಾರೆ! ತಪ್ಪು ಅವರದಲ್ಲ, ಜೇಬಿನಲ್ಲಿರುವ ಸ್ಲೈಡ್ ರೂಲಿನದು. ನೋಡಲು ಅಡಿಪಟ್ಟಿಯಂತಿದೆ. ನಡುವಿನ ಪಟ್ಟಿ ಜಾರಿಸಿ, ಮೇಲಿನ ಗಾಜನ್ನು ಸರಿಸಿದರೆ ಅದರ ಗೆರೆ ಗುಣಾಕಾರದ ಉತ್ತರದ ಮೇಲೆ ನಿಲ್ಲುತ್ತದೆ; ಓದುವುದು ಮಾತ್ರ ಕಣ್ಣಂದಾಜಿನಲ್ಲಿ. ಓವರ್‌ಸಿಯರ್ ಆಗಿ ಮಧುಗಿರಿ, ಪಾವಗಡದ ಕೆರೆಗಳ ಲೆಕ್ಕವನ್ನೆಲ್ಲ ಮಾವ ಮಾಡಿದ್ದು ಇದರಲ್ಲೇ. ಈಗ ನಿವೃತ್ತರಾಗಿ ಕೊರಟಗೆರೆಯಲ್ಲಿದ್ದಾರೆ. ಕ್ಯಾಲ್ಕುಲೇಟರ್ ಅಂದರೆ ಆಗದು.

ಈ ಪಟ್ಟಿ ಅಂಕಿ ಹೇಳುತ್ತದೆಯೇ ಹೊರತು ದಶಾಂಶದ ಚುಕ್ಕೆ ಎಲ್ಲಿಡಬೇಕೆಂದು ಹೇಳುವುದಿಲ್ಲ. ನನ್ನ ತಂಗಿಯ ಮದುವೆಯಲ್ಲಿ ಅಕ್ಕಿ ಎಷ್ಟು ಬೇಕೆಂದು ಅಡುಗೆಯವರು ಕೇಳಿದಾಗ ಮಾವ ಪಟ್ಟಿ ಜಾರಿಸಿ "ಆರು, ಐದು" ಎಂದರು. ಆರೂವರೆ ಕೆಜಿಯೋ, ಅರವತ್ತೈದೋ?

"ಅದು ಅನುಭವದಾಗೆ ಗೊತ್ತಾಗ್ಬೇಕು ಕಣಪ್ಪ."

"ಅನುಭವ ಇದ್ರೆ ಇದ್ಯಾಕೆ ಬುಡಿ ಸ್ವಾಮಿ" ಎಂದು ಅಡುಗೆಯವರು ತಮ್ಮ ಅಂದಾಜಿನಲ್ಲೇ ಅಕ್ಕಿ ಸುರಿದರು. ತೂಗಿದರೆ ಸರಿಯಾಗಿ ಅರವತ್ತೈದು! ಗೆದ್ದವರು ಯಾರೆಂಬ ವಾದ ಇನ್ನೂ ಮುಗಿದಿಲ್ಲ.

ಕಳೆದ ತಿಂಗಳು ಶಿರಾದ ನಮ್ಮ ಮನೆಗೆ ದುಂಡನೆಯ ಸಂಪು ಕಟ್ಟಿಸಿದೆ. ಮೇಸ್ತ್ರಿ ಮೊಬೈಲ್ ಒತ್ತಿ, ಹತ್ತೊಂಬತ್ತು ಸಾವಿರ ಲೀಟರ್ ಹಿಡಿಯುತ್ತದೆ ಎಂದ. ನಾನು ನಂಬಿ ನಾಲ್ಕು ಟ್ಯಾಂಕರ್ ನೀರಿಗೆ ಹೇಳಿಬಿಟ್ಟೆ. ಅಷ್ಟರಲ್ಲಿ ಹೆಂಡತಿಯೊಡನೆ ಬಂದ ಮಾವ ಟೇಪು ಹಿಡಿಸಿ ಅಳತೆ ಕೇಳಿದರು. ಅಡ್ಡಳತೆ ಎರಡು ಮೀಟರ್, ಆಳ ಒಂದೂವರೆ. ಸ್ಲೈಡ್ ರೂಲ್ ತೆಗೆದವರು ಅದನ್ನು ಪಕ್ಕದಲ್ಲಿದ್ದ ಅತ್ತೆಯ ಕೈಗೆ ಕೊಟ್ಟರು.

"ಅಡ್ಡಳತೇಲಿ ಅರ್ಧ ಅಂದ್ರೆ ಒಂದು, ಗುಣಿಸೋದೇನೂ ಇಲ್ಲ. ನಡುವಿನ ಪಟ್ಟಿ ಒಂದೂವರೆಗೆ ಇಡು. ಗಾಜಿನ ಗೆರೆ ಪೈ ಮೇಲೆ ತಾ."

ನಾಲ್ಕನೇ ಕ್ಲಾಸು ಓದಿದ ನಮ್ಮ ಅತ್ತೆ ಪಟ್ಟಿಯನ್ನು ಮೂಗಿನ ಹತ್ತಿರ ತಂದು, "ನಾಕಾದ್ಮೇಲೆ ಏಳ್ನೇ ಉದ್ದ ಗೀಟು, ಒಂಚೂರು ಮುಂದೆ" ಎಂದರು.

"ನಾಲ್ಕು ಸಾವಿರದ ಏಳ್ನೂರು ಲೀಟರ್" ಎಂದರು ಮಾವ. ಮೇಸ್ತ್ರಿ ಅರ್ಧ ಅಡ್ಡಳತೆಯ ಜಾಗದಲ್ಲಿ ಪೂರ್ತಿಯನ್ನೇ ಹಾಕಿದ್ದ. ಮೂರು ಟ್ಯಾಂಕರ್ ಬೇಡವೆಂದು ಫೋನು ಮಾಡಿದೆ.

ಮಾವ ಪಟ್ಟಿಯನ್ನು ನಿಮ್ಮ ಕೈಗೇಕೆ ಕೊಟ್ಟರೆಂದು ಅಡುಗೆಮನೆಯಲ್ಲಿ ಅತ್ತೆಯನ್ನು ಕೇಳಿದೆ. ಸಕ್ಕರೆ ಕಾಯಿಲೆ ಮಾವನ ದೃಷ್ಟಿಯನ್ನು ತಿಂದಿತ್ತಂತೆ. ಇನ್ನು ಆಪರೇಷನ್ನಿನಿಂದಲೂ ಆಗದೆಂದು ಡಾಕ್ಟರು ಹೇಳಿದ್ದರಂತೆ. ಮಾವ ಪಟ್ಟಿಯನ್ನು ಟ್ರಂಕಿಗೆ ಹಾಕಿಬಿಟ್ಟಿದ್ದರಂತೆ.

"ನಾನೇ ತೆಗ್ದು, ಹೆಂಗೆ ನೋಡೋದು ಹೇಳ್ಕೊಡಿ ಅಂದೆ ಕಣಮ್ಮ. ಗೀಟು ಬಲು ಸಣ್ಣವು. ನಂಗೂ ಈಗೀಗ ಸರಿಯಾಗಿ ಕಾಣಾಕಿಲ್ಲ. ಅವ್ರಿಗೆ ಹೇಳ್ಬ್ಯಾಡ."

ಮರುದಿನ ಅತ್ತೆಯನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಗೋಡೆಯ ಅಕ್ಷರಗಳನ್ನು ಓದಲು ಹೇಳಿದ. ಅತ್ತೆ ಅತ್ತ ನೋಡಲೇ ಇಲ್ಲ. ಚೀಲದಿಂದ ಸ್ಲೈಡ್ ರೂಲ್ ತೆಗೆದು ಅವನ ಮುಂದಿಟ್ಟು, "ಇದು ಕಾಣೋ ಅಂಗೆ ಕೊಡಪ್ಪ" ಎಂದರು.