ನಮ್ಮ ಮಾವ ಹೊಗಳಿದರೆ ಜೋಕೆ!

ನಮ್ಮ ಮಾವ ನಿಮ್ಮನ್ನು ಹೊಗಳಿದರೆ ದಯವಿಟ್ಟು ಮೊದಲು ಡಾಕ್ಟರನ್ನು ಕಂಡು ಬನ್ನಿ. ತಮಾಷೆಗೆ ಹೇಳುತ್ತಿಲ್ಲ. ಅವರ ಬಾಯಿಂದ ಒಳ್ಳೆಯ ಮಾತು ಬಂದಾಗ ಹೊಗಳಿಸಿಕೊಂಡವರು ಬಹುತೇಕ ಚಟ್ಟದ ಮೇಲೆ ಮಲಗಿದ್ದರು. "ಚಲೋ ಮನ್ಶಾ ಆಗಿದ್ದ" ಎಂದು ಮಾವ ನಿಟ್ಟುಸಿರು ಬಿಡುವುದು ಹೆಣದ ಮುಂದೆ ಮಾತ್ರ. ಉಸಿರಾಡುವವರಿಗೆ ಅವರ ಹತ್ತಿರ ಇರುವುದು ಬೈಗುಳ ಒಂದೇ! ನೀವು ಎಷ್ಟು ಒಳ್ಳೆಯವರೋ ಬೈಗುಳವೂ ಅಷ್ಟೇ ದೊಡ್ಡದು. ನನಗೆ ಅವರು ಬೈಯುವುದು ಕಡಿಮೆ. ಇದರ ಅರ್ಥವೇನೆಂದು ಯೋಚಿಸಲು ನಾನು ಹೋಗಿಲ್ಲ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಹರೆಯವನ್ನೆಲ್ಲ ಕಾರವಾರದ ಕಡಲಿನಲ್ಲಿ ಕಳೆದವರು. ದೋಣಿಯ ಮುಖಂಡ, ನಮ್ಮ ಕಡೆಯ ಮಾತಿನಲ್ಲಿ ತಾಂಡೇಲ. ಅವರ ದೋಣಿಯಲ್ಲಿ ಒಂದು ಪದ್ಧತಿ ಇತ್ತು. ಬಲೆ ಎಳೆಯುವಾಗ ಭಾರ ಎನಿಸಿದರೆ "ಭರ್ಜರಿ ಮೀನು" ಎಂದು ಯಾರೂ ಬಾಯಿ ಬಿಡುವಂತಿಲ್ಲ. ಬಿಟ್ಟರೆ ದೃಷ್ಟಿ ತಾಗುತ್ತದೆ, ಬಲೆ ಹರಿಯುತ್ತದೆ. ತಾಂಡೇಲನಾದವನು "ಥೂ, ಬರೀ ಕಸ! ನಿಮ್ಮಂಥ ದಂಡಪಿಂಡಗಳನ್ನ ಕಟ್ಕಂಡು ಬಂದ್ರೆ ಇನ್ನೆಂತ ಸಿಗ್ತದೆ?" ಎಂದು ಕೂಗಾಡಬೇಕು. ಬೈಗುಳ ಜೋರಾದಷ್ಟೂ ಬಲೆ ಎಳೆಯುವವರ ಮುಖ ಅರಳುತ್ತಿತ್ತಂತೆ. ಮುಂದೆ ಮಾವನ ಮಂಡಿ ಕೈಕೊಟ್ಟಿತು. ದೋಣಿ ಮಾರಿ ಅಂಕೋಲೆಯಲ್ಲಿ ಒಂದು ಐಸ್ ಫ್ಯಾಕ್ಟರಿಯನ್ನೂ ಅದಕ್ಕೆ ತಾಗಿ ಮೀನು ಪ್ಯಾಕ್ ಮಾಡುವ ಶೆಡ್ಡನ್ನೂ ಹಾಕಿದರು. ಕಡಲು ಬಿಟ್ಟರು, ಪದ್ಧತಿ ಬಿಡಲಿಲ್ಲ.

ನನ್ನ ಮದುವೆ ನಡೆದದ್ದು ಹಣಕೋಣದಲ್ಲಿ, ಹೆಂಡತಿಯ ಮನೆಯಂಗಳದಲ್ಲಿ. ಬೀಗರ ಪಂಕ್ತಿಯಲ್ಲಿ ಮಾವ ಕೂತಿದ್ದರು. ನನ್ನ ಹೆಣ್ಣುಕೊಟ್ಟ ಮಾವ, ಪಾಪ, ಗದ್ದೆ ಮಾಡಿಕೊಂಡು ನಾಲ್ಕು ಜನರ ಮುಂದೆ ತಗ್ಗಿ ಬಗ್ಗಿ ನಡೆಯುವವರು. ಕೈಮುಗಿದು ಕೇಳಿದರು, "ಊಟ ಹೆಂಗಾಗದೆ?"

"ಹಂದಿಗೂ ಬೇಡ," ಎಂದರು ಮಾವ. ಎಂದವರೇ ಪಾಯಸದವನನ್ನು ಕರೆದು ಮತ್ತೆ ಬಡಿಸಿಕೊಂಡರು.

ಪಂಕ್ತಿಯವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು! ಹೆಂಡತಿಯ ಅಪ್ಪನ ಮುಖ ಬಿಳುಚಿತು. ಹಸೆಮಣೆಯಿಂದ ಎದ್ದು ಓಡಿಬಂದು, "ಊಟ ಅವರಿಗೆ ಬಹಳ ಹಿಡಿಸಿದೆ, ಅದಕ್ಕೇ ಹಾಗಂದರು" ಎಂದು ತಿಳಿಸಿ ಹೇಳಿದೆ. ಅವರು ನಂಬಲಿಲ್ಲ. ಆದರೆ ಮಾವ ನಂಬಿದರು, ಈ ಹುಡುಗನಿಗೆ ನನ್ನ ಮಾತು ಅರ್ಥವಾಗುತ್ತದೆ ಎಂದು! ಮದುವೆಯ ಗಡಿಬಿಡಿ ಮುಗಿಯುತ್ತಲೇ ನನ್ನನ್ನು ಫ್ಯಾಕ್ಟರಿಯ ಮ್ಯಾನೇಜರ್ ಮಾಡಿದರು.

ಮ್ಯಾನೇಜರ್ ಎಂದು ಬಾಗಿಲ ಮೇಲೆ ಬರೆದಿದೆ ಅಷ್ಟೆ. ನಾನು ದುಭಾಷಿ. ಬೆಳಿಗ್ಗೆ ಕಾರವಾರದ ಹಬ್ಬುವಾಡದಿಂದ ಬಸ್ಸು ಹತ್ತಿ ಅಂಕೋಲೆಗೆ ಹೋಗಿ, ಸಂಜೆಯವರೆಗೆ ಮಾವನ ಬೈಗುಳಗಳಿಗೆ ಅರ್ಥ ಹೇಳಿ ಮನೆಗೆ ಬರುತ್ತೇನೆ. "ಇವ್ರು ಮೀನು ಪ್ಯಾಕ್ ಮಾಡ್ತಾರೋ, ಹೆಣ ಸುತ್ತುತಾರೋ?" ಎಂದು ಮಾವ ಗುಡುಗಿ ಹೋದರೆ, ಪ್ಯಾಕಿಂಗ್ ಹೆಂಗಸರ ಹತ್ತಿರ ಹೋಗಿ "ಕೆಲಸ ಅಚ್ಚುಕಟ್ಟಾಗಿದೆ ಎಂದರು" ಎನ್ನುತ್ತೇನೆ. ಹಳಬರು ನಗುತ್ತಾರೆ, ಹೊಸಬರು ಅಳುತ್ತಾರೆ. ಇದಕ್ಕೆಂದೇ ಸಂಬಳ ತೆಗೆದುಕೊಳ್ಳುವ ಇನ್ನೊಬ್ಬ ಮನುಷ್ಯ ಈ ಜಿಲ್ಲೆಯಲ್ಲಿ ಇದ್ದಾನೆಯೇ?

ಇನ್ನು ನಿಜವಾಗಿ ತಪ್ಪು ಮಾಡಿದವರ ಗತಿ ಕೇಳಿ. ಅವರ ಹತ್ತಿರ ಮಾವ ಬೆಣ್ಣೆಯಂತೆ ಮಾತಾಡುತ್ತಾರೆ! ನಮ್ಮ ಡ್ರೈವರ್ ಒಮ್ಮೆ ಮೀನು ತುಂಬಿದ ಟೆಂಪೋವನ್ನು ಗದ್ದೆಗೆ ಇಳಿಸಿ ಮಗುಚಿ ಹಾಕಿದ. ಮಾವ ಅವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು, "ಊಟ ಆಯ್ತಾ ತಮಾ?"

ಡ್ರೈವರ್ ಅವರ ಕಾಲಿಗೇ ಬಿದ್ದ. "ತಾಂಡೇಲ್ರೇ, ಬೇಕಾರೆ ಎರಡು ಬಾರಿಸಿ. ಊಟದ ಸುದ್ದಿ ಮಾತ್ರ ಕೇಳ್ಬೇಡಿ!"

ಹೀಗಿರುವಾಗ ಕಾರವಾರದ ಒಂದು ಹೋಟೆಲಿನಲ್ಲಿ ಸಣ್ಣ ಉದ್ಯಮಿಗಳಿಗೆ ತರಬೇತಿ ಏರ್ಪಾಡಾಯಿತು. ವಿಷಯ, ನಾಯಕನಿಗೆ ಬೇಕಾದ ಭಾವನಾತ್ಮಕ ಬುದ್ಧಿವಂತಿಕೆ! ಬುದ್ಧಿವಂತಿಕೆ ಎಂಬ ಶಬ್ದ ಇದ್ದುದಕ್ಕೆ ಮಾವ ಬಂದರು. ಬರೀ ಭಾವನೆ ಎಂದಿದ್ದರೆ ಹಗ್ಗ ಹಾಕಿ ಎಳೆದರೂ ಬರುತ್ತಿರಲಿಲ್ಲ. ತರಬೇತುದಾರ ದೂರದ ಊರಿನವರು, ಬಹಳ ನಗುಮುಖ. ಕೆಲಸಗಾರನನ್ನು ನಾಲ್ಕು ಜನರ ಎದುರು ಹೊಗಳಬೇಕು, ತಪ್ಪಿದ್ದರೆ ಒಳಗೆ ಕರೆದು ಹೇಳಬೇಕು ಎಂದರು. ಮಾವ ನನ್ನ ಕಿವಿಯಲ್ಲಿ, "ಇವಂಗೆ ಯಾರೂ ಹೇಳೂರು ಇಲ್ವಾ? ಜನ ಸಾಯ್ತಾರಲ್ಲೋ!" ಎಂದು ಗಾಬರಿಯಾದರು.

ಆಮೇಲೆ, ಪಕ್ಕದವರ ಕಣ್ಣಲ್ಲಿ ಕಣ್ಣಿಟ್ಟು ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕೆಂದು ಅಪ್ಪಣೆಯಾಯಿತು. ಮಾವನ ಪಕ್ಕದಲ್ಲಿ ಕೂತವರೂ ಹಳೆಯ ತಾಂಡೇಲರೇ, ಈಗ ದೋಣಿ ಎಂಜಿನ್ ರಿಪೇರಿ ಅಂಗಡಿ ಇಟ್ಟವರು. ಇಬ್ಬರೂ ಕಣ್ಣು ಮಿಟುಕಿಸದೆ ಒಬ್ಬರನ್ನೊಬ್ಬರು ದಿಟ್ಟಿಸಿದರು.

"ಮೊದ್ಲು ನೀ ಹೇಳು," ಎಂದರು ಮಾವ.

"ನಾ ಹೇಳೂದಿಲ್ಲ. ನಿಂಗೇನಾರೂ ಆದ್ರೆ ನಿನ್ನ ಹೆಂಡ್ತಿಗೆ ಉತ್ತರ ಕೊಡೂರು ಯಾರು?"

"ಹಂಗಾರೆ ನಾನೂ ಹೇಳೂದಿಲ್ಲ. ನಿನ್ನ ಮಗಳ ಮದ್ವೆ ಬಾಕಿ ಅದೆ."

ದಿಟ್ಟಿಸಿ ದಿಟ್ಟಿಸಿ ಇಬ್ಬರ ಕಣ್ಣಲ್ಲೂ ನೀರು ಇಳಿಯಿತು. ತರಬೇತುದಾರ ಅದನ್ನು ಕಂಡು, "ನೋಡಿ, ಹೃದಯ ತೆರೆದು ಮಾತಾಡುವುದು ಅಂದರೆ ಇದು!" ಎಂದು ಸಭೆಯಿಂದ ಚಪ್ಪಾಳೆ ಹೊಡೆಸಿದರು.

ಚಪ್ಪಾಳೆಯ ಮರ್ಯಾದೆಗೋ ಏನೋ, ಮರುದಿನ ಮಾವ ಒಂದು ಪ್ರಯತ್ನ ಮಾಡಿದರು. ಐಸ್ ಯಂತ್ರ ನೋಡಿಕೊಳ್ಳುವ ಗಣಪತಿಯ ಮುಂದೆ ಹೋಗಿ ನಿಂತು, ಕಣ್ಣು ಮುಚ್ಚಿಕೊಂಡು, "ಗಣಪತಿ, ನೀ ಚಲೋ ಕೆಲ್ಸ ಮಾಡ್ತೆ" ಎಂದರು. ಗಣಪತಿ ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟ. ಮೈ ಒರೆಸಿಕೊಂಡ. ಸೀದಾ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. "ನಮ್ಮನೆಯವ್ರಿಗೆ ಎಂತ ಕಾಯಿಲೆ ಅಂತ ಡಾಕ್ಟ್ರು ನಿಮ್ಮ ಹತ್ರ ಹೇಳಿದ್ರು? ಹಾಸಿಗೆ ಹಾಸ್ಕಂಡು ಮನಗಿ ದೇವ್ರ ಹೆಸ್ರು ಹೇಳ್ತಾ ಇದ್ದಾರೆ!" ಅವನನ್ನು ಎಬ್ಬಿಸಲು ಕೊನೆಗೆ ಮಾವನೇ ಹೋಗಬೇಕಾಯಿತು. ಬಾಗಿಲಲ್ಲೇ ನಿಂತು, "ಏಳೋ ಕಳ್ಳ ಹೋರಿ!" ಎಂದರು. ಗಣಪತಿ ಎದ್ದು ಕೂತು ಗಂಜಿ ಕೇಳಿದ.

ಇದರ ಹಿಂದೆ ಏನೋ ದುಃಖದ ಕಥೆ ಇರಬೇಕೆಂದು ಶೆಡ್ಡಿನ ಹೆಂಗಸರು ನಂಬಿದ್ದರು. ಮಾವ ಒಮ್ಮೆ ತಮ್ಮನನ್ನು ಮನಸಾರೆ ಹೊಗಳಿದರಂತೆ, ಅದೇ ದಿನ ತಮ್ಮ ಕಡಲಪಾಲಾದನಂತೆ. ಹೇಳುತ್ತಾ ಹೇಳುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಮ್ಮ ಅಜ್ಜಿಗೆ ಇದ್ದ ಗಂಡುಮಗ ಇವರೊಬ್ಬರೇ ಎಂದು ನಾನು ಹೇಳಿದರೆ ನನ್ನ ಮೇಲೇ ಸಿಟ್ಟಾದರು!

ಇಲ್ಲಿಯವರೆಗೆ ನಗಬಹುದು. ಮುಂದಿನದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ.

ಪ್ಯಾಕಿಂಗ್ ಶೆಡ್ಡಿನ ಮೇಲ್ವಿಚಾರಣೆಗೆ ನಂದಿನಿ ಎಂಬ ಹುಡುಗಿ ಇದ್ದಳು. ಕಾರವಾರದಾಚೆ, ಗೋವೆ ಗಡಿಯ ಹತ್ತಿರದ ಮಾಜಾಳಿಯವಳು. ಅಪ್ಪ ಇಲ್ಲ, ತಾಯಿ ಮೀನು ಮಾರುತ್ತಾಳೆ. ಅಷ್ಟು ದೂರದಿಂದ ಬಸ್ಸು ಬದಲಿಸಿಕೊಂಡು ಬಂದು ಎಲ್ಲರಿಗಿಂತ ಮೊದಲು ಶೆಡ್ಡಿನ ಬಾಗಿಲು ತೆಗೆಸುತ್ತಿದ್ದಳು. ಮೀನು ವರ್ಷ ವರ್ಷಕ್ಕೆ ಕಡಿಮೆಯಾಗಿ, ಪಕ್ಕದ ಫ್ಯಾಕ್ಟರಿಗಳು ಬಾಗಿಲು ಹಾಕಿದರೂ ನಮ್ಮದು ನಡೆಯುತ್ತಿದ್ದುದು ಅವಳಿಂದ. ಮಾವನ ಅತಿ ದೊಡ್ಡ ಬೈಗುಳಗಳೂ ಅವಳಿಗೇ ಮೀಸಲಾಗಿದ್ದವು. ಅವಳು ತಲೆ ತಗ್ಗಿಸಿ ಕೇಳುತ್ತಿದ್ದಳು. ನಾನು ಹಿಂದೆಯೇ ಹೋಗಿ ಅರ್ಥ ಹೇಳುತ್ತಿದ್ದೆ. ಅವಳು ಸಣ್ಣಗೆ ನಕ್ಕು ಕೆಲಸಕ್ಕೆ ತಿರುಗುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಹೆಂಡತಿಯ ಅಪ್ಪನಿಗೆ ಕಾಯಿಲೆಯಾಗಿ ನಾನು ಹಣಕೋಣದಲ್ಲಿದ್ದೆ. ಗಾಳಿಗೆ ಅಂಕೋಲೆಯಲ್ಲಿ ಕರೆಂಟು ಹೋಯಿತು, ಜನರೇಟರೂ ಕೆಟ್ಟಿತು. ಶೆಡ್ಡಿನ ತುಂಬ ಗೋವೆಗೆ ಹೋಗಬೇಕಾದ ಮೀನು. ಮಾವ ಕಾರವಾರದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ನಂದಿನಿ ಮಳೆಯಲ್ಲೇ ತಿರುಗಿ ಎಲ್ಲೆಲ್ಲಿಂದಲೋ ಐಸು ತರಿಸಿ, ಹೆಂಗಸರನ್ನು ಕೂಡಿಸಿಕೊಂಡು ಅಷ್ಟೂ ಪೆಟ್ಟಿಗೆಗಳನ್ನು ಮತ್ತೆ ತುಂಬಿಸಿ ಲಾರಿ ಹೊರಡಿಸಿದಳು. ಮಾವ ಬಂದು ಮುಟ್ಟಿದಾಗ ಒಂದು ಮೀನೂ ಹಾಳಾಗಿರಲಿಲ್ಲ. ಅವರಿಗೆ ಎಷ್ಟು ಸಂತೋಷವಾಗಿರಬೇಕು! ಎಲ್ಲರೆದುರು ಕೂಗಿದರು:

"ಯಾರು ಹೇಳಿದ್ದು ನಿಂಗೆ ಇಷ್ಟೆಲ್ಲ ಮಾಡೂಕೆ? ಬುದ್ಧಿ ಅದ್ಯಾ ನಿಂಗೆ? ನಿನ್ನಂಥ ಕೆಲ್ಸಕ್ಕೆ ಬಾರದ್ದನ್ನ ನನ್ನ ಜನ್ಮದಲ್ಲಿ ನೋಡ್ಲಿಲ್ಲ!"

ಅವರು ಯಾರಿಗೂ ಕೊಡದಷ್ಟು ದೊಡ್ಡ ಮೆಚ್ಚುಗೆ ಅದು. ನಂದಿನಿ ಒದ್ದೆ ಕೈಗಳನ್ನು ಒರೆಸಿಕೊಂಡಳು. ತಿಂಗಳು ಮುಗಿದ ಮೇಲೆ ಬರುವುದಿಲ್ಲ, ಗೋವೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ ಎಂದಳು.

ನಾನು ಬಂದವನೇ ಅವಳನ್ನು ಕರೆದು ನನ್ನ ಉದ್ಯೋಗ ಶುರುಮಾಡಿದೆ. "ನಂದಿನಿ, ಅವರು ಹಾಗಂದದ್ದರ ಅರ್ಥ ಏನಂದರೆ..."

"ಗೊತ್ತದೆ ಅಣ್ಣಾ," ಎಂದಳು. "ಮಾಮಾ ಬೈದ್ರೆ ಒಳ್ಳೇದು ಅಂತ ನಂಗೂ ಗೊತ್ತದೆ. ಗೊತ್ತಿದ್ರೆ ಸಾಕಾ? ಯಾವಾಗ್ಲೂ ನಿಮ್ಮ ಬಾಯಿಂದ್ಲೇ ಕೇಳ್ಬೇಕಾ? ಒಂದ್ಸಲ, ಒಂದೇ ಸಲ, ಅವ್ರ ಬಾಯಿಂದ ಕೇಳ್ಬೇಕು ಅನಿಸ್ತದೆ. ಇಷ್ಟು ದಿನ ಆ ಗೋವೆ ಕೆಲ್ಸಕ್ಕೆ ಹೂಂ ಅನ್ನದೇ ಇದ್ದದ್ದು ಅದಕ್ಕೇ."

ನಾನು ಸೀದಾ ಮಾವನ ಹತ್ತಿರ ಹೋಗಿ, ಒಂದು ಒಳ್ಳೆಯ ಮಾತು ಹೇಳಿ ಎಂದು ಜಗಳವನ್ನೇ ಮಾಡಿದೆ. ಮಾವ ಕಿಟಕಿಯಾಚೆ ನೋಡುತ್ತಾ ಕೂತರು.

"ದೋಣೀಲಿ ಎಲ್ರಿಗೂ ತಿಳೀತಿತ್ತು ತಮಾ. ದಡದಲ್ಲಿ ಯಾರಿಗೂ ತಿಳೂದಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಾ ಹೇಳ್ಬಿಡ್ತೆ ಅಂತಿಟ್ಕೋ. ಆ ಹುಡ್ಗಿ ದಿನಾ ಬಸ್ಸಲ್ಲಿ ಗಡಿ ದಾಟಿ ಹೋಗ್ಬೇಕು. ಏನಾರೂ ಆದ್ರೆ?" ಎಂದರು. ಇಷ್ಟು ವರ್ಷ ಆ ಬೈಗುಳಗಳಿಗೆಲ್ಲ ಅರ್ಥ ಹೇಳಿದ ನನಗೆ, ಒಂದೊಂದರ ಹಿಂದೆಯೂ ಇಂಥ ಹೆದರಿಕೆ ಇತ್ತೆಂದು ಆ ಹೊತ್ತಿನವರೆಗೆ ಗೊತ್ತಿರಲಿಲ್ಲ.

ಆದರೂ ಅವಳ ಕೊನೆಯ ದಿನ ಸಂಜೆ ನನ್ನನ್ನು ಕರೆದುಕೊಂಡು ಕಾರಿನಲ್ಲಿ ಮಾಜಾಳಿಗೆ ಹೋದರು. ಅಂಗಳದಲ್ಲಿ ತಾಯಿ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ನಂದಿನಿ ಹೊರಗೆ ಬಂದಳು. ಮಾವ ಕಾರಿನಿಂದ ಇಳಿದು ಅವಳ ಮುಂದೆ ಹೋಗಿ ನಿಂತರು.

"ನೀ ಮಾಡಿದ್ದು ಚಲೋ ಆಗಿತ್ತು ಮಗಾ," ಎಂದರು. "ಎಲ್ಲಾ ಕೆಲ್ಸ. ಮೊದಲಿಂದ್ಲೂ."

ನಂದಿನಿ ಅತ್ತಳು. ಆದರೆ ಕೆಲಸಕ್ಕೆ ಮರಳಲಿಲ್ಲ, ಗೋವೆಯವರಿಗೆ ಮಾತು ಕೊಟ್ಟಾಗಿತ್ತು. ನಮ್ಮ ಶೆಡ್ಡು ಆ ಮಳೆಗಾಲ ಮುಗಿಯುವುದರೊಳಗೆ ಅರ್ಧ ಖಾಲಿಯಾಯಿತು. ಮಾವನಿಗೆ ಬೇರೆಯೇ ಚಿಂತೆ ಹತ್ತಿತ್ತು. ದಿನವೂ ಸಂಜೆ ಅವಳ ಬಸ್ಸು ಬರುವ ಹೊತ್ತಿಗೆ ಫೋನು ಮಾಡುತ್ತಾರೆ. "ಮನೆ ಮುಟ್ಟಿದ್ಯಾ?" "ಮುಟ್ಟಿದೆ ಮಾಮಾ." ಅಷ್ಟೇ, ಕಟ್! ಆಮೇಲೆಯೇ ಅವರು ಚಹಾ ಕುಡಿಯುವುದು.

ಮೊನ್ನೆ ಜೋರು ಮಳೆ. ನಂದಿನಿ ಫೋನು ಎತ್ತಲಿಲ್ಲ. ಮತ್ತೆ ಮಾಡಿದರೆ ಫೋನು ಸ್ವಿಚ್ ಆಫ್ ಆಗಿತ್ತು. ಮಾವ ಚಪ್ಪಲಿಯನ್ನೂ ಹಾಕದೆ ನನ್ನನ್ನು ಎಳೆದುಕೊಂಡು ಕಾರು ಹತ್ತಿದರು. ದಾರಿಯುದ್ದಕ್ಕೂ, "ನಾ ಹೇಳ್ಬಾರದಾಗಿತ್ತು ತಮಾ, ಹೇಳ್ಬಾರದಾಗಿತ್ತು" ಎನ್ನುತ್ತಿದ್ದರು. ಮಾಜಾಳಿಯಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ಇಳಿದು ಮಳೆಯಲ್ಲೇ ನಿಂತರು. ನಾನು ಕರೆದರೂ ಕಾರಿನೊಳಗೆ ಬರಲಿಲ್ಲ. ಕೊನೆಗೆ ಬಸ್ಸು ಬಂತು. ಎಲ್ಲರೂ ಇಳಿದ ಮೇಲೆ ನಂದಿನಿ ಇಳಿದಳು. ದಾರಿಯಲ್ಲಿ ಬಸ್ಸು ಕೆಟ್ಟಿತ್ತಂತೆ, ಫೋನಿನಲ್ಲಿ ಚಾರ್ಜ್ ಇರಲಿಲ್ಲವಂತೆ.

ಮಾವ ಅವಳ ಎರಡೂ ಭುಜ ಹಿಡಿದರು. ಮುಖದ ಮೇಲೆ ಮಳೆ ಯಾವುದು, ಕಣ್ಣೀರು ಯಾವುದು ತಿಳಿಯುತ್ತಿರಲಿಲ್ಲ.

"ಅವತ್ತು ನಾ ಹೇಳಿದ್ದು ಸುಳ್ಳು," ಎಂದರು. "ನೀ ಚಲೋ ಇಲ್ಲ. ನಿಂಗೆ ಎಂತದೂ ಬರೂದಿಲ್ಲ. ಕೇಳ್ತಾ? ಎಂತದೂ ಬರೂದಿಲ್ಲ!"

ನಂದಿನಿ ತನ್ನ ಛತ್ರಿಯನ್ನು ಅವರ ತಲೆಯ ಮೇಲೆ ಹಿಡಿದಳು. "ಹೂಂ ಮಾಮಾ," ಎಂದಳು, "ನಂಗೆ ಎಂತದೂ ಬರೂದಿಲ್ಲ." ಆಮೇಲೆ ಮಗುವನ್ನು ಕರೆದೊಯ್ಯುವ ಹಾಗೆ ಅವರ ಕೈ ಹಿಡಿದು ಮನೆಯ ಕಡೆ ನಡೆಸಿಕೊಂಡು ಹೋದಳು.